ಹೋಟೆಲಿನ ಎದುರು ಕಾರು ಬೈಕಿಗೆ ತಾಗಿದಾಗ



ಅಡಿಗೆಮನೆಯಲ್ಲಿ ಹೆಚ್ಚುಕಡಿಮೆಯಾದರೆ ಸರಿಪಡಿಸಿಕೊಳ್ಳುವುದು ನಮಗೆಲ್ಲ ಗೊತ್ತು. ಹಿಟ್ಟು ಹುಳಿ ಬಂದರೂ, ಭಟ್ಟರು ಹೇಳದೆ ಊರಿಗೆ ಹೋದರೂ ಏನೋ ಒಂದು ದಾರಿ ಹುಡುಕಿ ಬೆಳಗಿನ ತಿಂಡಿ ನಿಲ್ಲದಂತೆ ನೋಡಿಕೊಳ್ಳುತ್ತೇವೆ. ಆದರೆ ಹೋಟೆಲಿನ ಮೆಟ್ಟಿಲಿಳಿದರೆ ಎದುರಿಗಿರುವ ಹದಿನೈದು ಇಪ್ಪತ್ತು ಅಡಿ ಜಾಗವಿದೆಯಲ್ಲ, ಅಲ್ಲಿ ಆಗುವ ಗಲಾಟೆಗೆ ನಮ್ಮಲ್ಲಿ ಎಷ್ಟು ಜನ ಸಿದ್ಧರಾಗಿದ್ದೇವೆ? ನಾನಂತೂ ಸಿದ್ಧನಾಗಿರಲಿಲ್ಲ. ಅದಕ್ಕೇ ಈ ಲೇಖನ.

ಗ್ರೇಟರ್ ನೋಯ್ಡಾ ನೋಡದವರಿಗೆ ಒಂದು ಮಾತು. ಇದು 1991ರಲ್ಲಿ ಪ್ರಾಧಿಕಾರ ರಚಿಸಿ ನಕ್ಷೆ ಹಾಕಿ ಕಟ್ಟಿದ ಊರು. ಸೆಕ್ಟರುಗಳಿಗೆ ಆಲ್ಫಾ, ಬೀಟಾ, ಗಾಮಾ ಎಂದು ಹೆಸರು. ರಸ್ತೆಗಳು ವಿಶಾಲ. ಸೂರಜ್‌ಪುರದಲ್ಲಿ ಯಮಹಾ ಬೈಕ್ ಕಾರ್ಖಾನೆ ಇದೆ. ಹೋಂಡಾ ಕಾರಿನ ಕಾರ್ಖಾನೆಯೂ 2020ರವರೆಗೆ ಇಲ್ಲೇ ನಡೆಯಿತು. 2014ರಿಂದ 2023ರವರೆಗೆ ಆಟೋ ಎಕ್ಸ್‌ಪೋ ವಾಹನ ಪ್ರದರ್ಶನವೂ ಇಲ್ಲಿನ ಎಕ್ಸ್‌ಪೋ ಮಾರ್ಟ್‌ನಲ್ಲಿ ಆಗುತ್ತಿತ್ತು. ಕಾರು, ಬೈಕು ಎರಡನ್ನೂ ತಯಾರಿಸಿದ ಊರು ಇದು. ಆದರೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾರ್ಕೆಟ್ಟಿನಲ್ಲಿ ಅವೆರಡನ್ನೂ ನಿಲ್ಲಿಸಲು ಜಾಗ ಹುಡುಕಿ ನೋಡಿ!

ಆ ಭಾನುವಾರ ನಡೆದದ್ದು

ಅಂಥದೇ ಒಂದು ಭಾನುವಾರ. ತಿಂಡಿಯ ಸಮಯ, ಹೊರಗೆ ಹೆಸರು ಬರೆಸಿ ಕಾಯುತ್ತಿದ್ದ ಜನ. ಪಾರ್ಸೆಲಿಗೆ ಬಂದ ಡೆಲಿವರಿ ಹುಡುಗನೊಬ್ಬ ಬೈಕನ್ನು ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಒಳಗೆ ಬಂದಿದ್ದ. ಪ್ರತಿ ಭಾನುವಾರ ತಾಯಿಯನ್ನು ಕರೆದುಕೊಂಡು ಬರುವ ನಮ್ಮ ಖಾಯಂ ಗಿರಾಕಿಯೊಬ್ಬರು ತಿಂಡಿ ಮುಗಿಸಿ ಕಾರು ಹಿಂದೆ ತೆಗೆದರು. ಧಡ್ ಎಂದು ಸದ್ದು. ಬೈಕು ಬಿದ್ದಿತು, ಅದರ ಮೇಲೆ ಕಾರಿನ ಬಂಪರ್ ಇನ್ನೂ ಒಂದಡಿ ಹೋಯಿತು.

ಹ್ಯಾಂಡಲ್ ಬಾಗಿತ್ತು. ಬ್ರೇಕ್ ಲಿವರ್ ಮುರಿದಿತ್ತು. ಕನ್ನಡಿ, ಇಂಡಿಕೇಟರ್ ಪುಡಿ. ಮುಂದಿನ ಮಡ್‌ಗಾರ್ಡ್ ಸೀಳಿತ್ತು. ಪುಣ್ಯಕ್ಕೆ ಮನುಷ್ಯರಿಗೆ ಏನೂ ಆಗಲಿಲ್ಲ.

ಗಿರಾಕಿ ಇಳಿದು ಐನೂರರ ನೋಟು ತೆಗೆದರು. ಹುಡುಗ ಕೈಚಾಚಲಿಲ್ಲ. ಐದು ನಿಮಿಷದಲ್ಲಿ ಅವನ ಜೊತೆಯ ಆರೇಳು ಹುಡುಗರು ಸೇರಿದರು. ಮಾತು ಏರಿತು. ಕಾರಿನಲ್ಲಿದ್ದ ತಾಯಿ ಹೆದರಿ ಕುಳಿತರು. ಕಾಯುತ್ತಿದ್ದ ಎರಡು ಸಂಸಾರ ಬೇರೆ ಹೋಟೆಲಿಗೆ ನಡೆದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಆ ಕೂಸು ನನ್ನ ಹೋಟೆಲು.

ಇಬ್ಬರನ್ನೂ ಒಳಗೆ ಕರೆದು ಕೂರಿಸಿ ಕಾಫಿ ಕೊಡಿಸಿದೆ. "ನಾನು ನ್ಯಾಯ ಹೇಳುವುದಿಲ್ಲ, ಕ್ಯಾಮೆರಾ ನೋಡೋಣ" ಎಂದೆ. ತಪ್ಪು ಇವರಿಬ್ಬರಲ್ಲಿ ಒಬ್ಬರದು ಎಂದೇ ನನ್ನ ಎಣಿಕೆ. ಆದರೆ ಪರದೆಯ ಮೇಲೆ ಕಂಡದ್ದು ಬೇರೆ. ನಮ್ಮ ವಾಚ್‌ಮನ್ ಕಾರಿಗೆ ಬೆನ್ನು ಹಾಕಿ ಇನ್ನೊಂದು ಆಟೋವನ್ನು ದೂರ ಕಳಿಸುತ್ತ, ತಿರುಗಿಯೂ ನೋಡದೆ "ಆನೇ ದೋ, ಆನೇ ದೋ" ಎಂದು ಕೈ ಬೀಸುತ್ತಿದ್ದ. ಗಿರಾಕಿ ಅವನ ಕೈ ನಂಬಿ ಬಂದಿದ್ದರು.

ಆ ಹೊತ್ತಿನಲ್ಲಿ ಕ್ಯಾಮೆರಾ ಕೆಟ್ಟಿದೆ ಎಂದುಬಿಡಬಹುದಾಗಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಇಬ್ಬರೂ ನನ್ನ ಪಕ್ಕದಲ್ಲೇ ಕುಳಿತು ನೋಡುತ್ತಿದ್ದರು. "ಇದರಲ್ಲಿ ನಮ್ಮ ಪಾಲೂ ಇದೆ" ಎಂದು ಒಪ್ಪಿಕೊಂಡೆ. "ಹಾಗಾದರೆ ಪೂರ್ತಿ ನೀವೇ ಕೊಡಿ" ಎಂದರು ಗಿರಾಕಿ. ಹುಡುಗ ಮಾತ್ರ, "ಯಾರು ಕೊಟ್ಟರೂ ಸರಿ ಭೈಯ್ಯಾ, ನಾಳೆ ಗಾಡಿ ಓಡದಿದ್ದರೆ ನನಗೆ ಕೂಲಿ ಇಲ್ಲ" ಎಂದ. ಆ ಮಾತಿಗೆ ಇಬ್ಬರೂ ಸುಮ್ಮನಾದೆವು.

ಮೆಕ್ಯಾನಿಕ್ ಬಂದು 4,200 ರೂಪಾಯಿ ಅಂದಾಜು ಬರೆದುಕೊಟ್ಟ, ಎರಡು ದಿನದ ಕೆಲಸ ಎಂದ. ಗಿರಾಕಿ 2,500 ಕೊಟ್ಟರು. ಉಳಿದ 1,700 ಮತ್ತು ಹುಡುಗನ ಎರಡು ದಿನದ ಗಳಿಕೆ 1,600 ನಾನು ಕೊಟ್ಟೆ. ಹಿಂದಿಯಲ್ಲಿ ಒಂದು ಚೀಟಿ ಬರೆದು ಮೂವರೂ ಸಹಿ ಹಾಕಿದೆವು.

ವಾಚ್‌ಮನ್ ಸಂಬಳ ಹಿಡಿಯಬೇಕೆಂದು ಮ್ಯಾನೇಜರ್ ಹೇಳಿದರು. ನಾನು ಹಿಡಿಯಲಿಲ್ಲ. ಪಾತ್ರೆ ತೊಳೆಯಲು ಸೇರಿದವನ ಕೈಗೆ ಸೀಟಿ ಕೊಟ್ಟು ಹೊರಗೆ ನಿಲ್ಲಿಸಿದವನು ನಾನೇ. ಕಾರು ಹಿಂದೆ ತೆಗೆಸುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವಿಮೆ ಇದೆಯಲ್ಲ ಎನ್ನುವವರಿಗೆ

ಈ ಘಟನೆಯ ನಂತರ ವಿಮಾ ಏಜೆಂಟರು ಮತ್ತು ವಕೀಲರೊಂದಿಗೆ ಕುಳಿತು ತಿಳಿದುಕೊಂಡ ಕೆಲವು ವಿಷಯಗಳನ್ನು ಇಲ್ಲಿ ಕೊಡುತ್ತಿದ್ದೇನೆ.

1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನಂತೆ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನಿಂತ ಬೈಕಿಗೆ ಕಾರು ತಾಗಿದರೆ ಬೈಕಿನ ನಷ್ಟ ಕಾರಿನ ಈ ವಿಮೆಯ ಅಡಿಯಲ್ಲಿ ಬರುತ್ತದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬೇರೆಯವರ ಆಸ್ತಿಯ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ಹಣ ಬರಬೇಕಾದರೆ ಪೊಲೀಸ್ ದಾಖಲೆ ಬೇಕು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅರ್ಜಿಯನ್ನು ಘಟನೆಯಾದ ಆರು ತಿಂಗಳೊಳಗೆ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ನಮ್ಮ ಗೌತಮ ಬುದ್ಧ ನಗರ ಜಿಲ್ಲೆಯವರು ಸೂರಜ್‌ಪುರದ ಜಿಲ್ಲಾ ನ್ಯಾಯಾಲಯಕ್ಕೆ ಓಡಾಡಬೇಕು. ನಾಲ್ಕು ಸಾವಿರ ರೂಪಾಯಿಗೆ ದಿನಗೂಲಿಯವನು ಅಷ್ಟು ಅಲೆದಾನೆಯೇ?

ಎರಡನೇ ದಾರಿ ಬೈಕಿನ ಸ್ವಂತ ವಿಮೆ. ಅದು ಸಮಗ್ರ ಪಾಲಿಸಿ ಆಗಿರಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ತನ್ನ ಬೈಕಿಗೆ ಬಿಡಿಗಾಸೂ ಬರುವುದಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ವಿಮೆ ಕಡ್ಡಾಯವಾಗಿದೆಯಲ್ಲ, ಅದೂ ಥರ್ಡ್ ಪಾರ್ಟಿ ವಿಮೆಯೇ. ಸಮಗ್ರ ಪಾಲಿಸಿ ಇದ್ದರೂ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಕಳೆಯುತ್ತಾರೆ. ಲೋಹದ ಭಾಗಗಳಿಗೆ ಬೈಕಿನ ವಯಸ್ಸು ನೋಡಿ ಕಳೆಯುತ್ತಾರೆ, ಐದು ವರ್ಷ ದಾಟಿದ್ದರೆ ನೂರಕ್ಕೆ 40. ಸವಕಳಿ ಕಳೆಯದ ವಿಶೇಷ ಪಾಲಿಸಿ ಇದ್ದವರ ಮಾತು ಬೇರೆ. ಒಮ್ಮೆ ಕ್ಲೇಮ್ ಮಾಡಿದರೆ, 20ರಿಂದ ಶುರುವಾಗಿ ಐದು ವರ್ಷದಲ್ಲಿ ನೂರಕ್ಕೆ 50ರವರೆಗೆ ಏರುವ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಖಾಸಗಿ ಬೈಕನ್ನು ಡೆಲಿವರಿ ಕೆಲಸಕ್ಕೆ ಓಡಿಸುತ್ತಿದ್ದರೆ ಕಂಪನಿ ತಕರಾರು ತೆಗೆಯಲೂಬಹುದು.

ಆದ್ದರಿಂದ ಸಣ್ಣ ಹಾನಿಗೆ ಕೈಯಿಂದ ಕೊಟ್ಟು ಮುಗಿಸುವುದೇ ಹೆಚ್ಚಿನ ಸಲ ಸರಿಯಾದ ದಾರಿ. ಹಾನಿ ದೊಡ್ಡದಾಗಿದ್ದು ಕಾರಿನವರು ವಿಮೆಯಿಂದಲೇ ಕೊಡಿಸಬೇಕೆಂದಿದ್ದರೆ ಒಂದು ಎಚ್ಚರಿಕೆ: ಕಂಪನಿಯನ್ನು ಕೇಳದೆ ತಪ್ಪೊಪ್ಪಿಕೊಂಡು ಹಣದ ಮಾತು ಕೊಡಬಾರದೆಂಬ ಷರತ್ತು ಪಾಲಿಸಿಯಲ್ಲಿ ಇರುತ್ತದೆ. ಅಂಥಾಗ ಮೊದಲು ಕಂಪನಿಗೆ ತಿಳಿಸಲಿ.

ಇನ್ನು ತಾಗಿಸಿ ಹೊರಟುಹೋಗುವವರು. ಕಾಯಿದೆಯ 134ನೇ ಕಲಮಿನ ಪ್ರಕಾರ ಮೂರನೆಯವರ ಆಸ್ತಿಗೆ ಹಾನಿಯಾದರೂ ಚಾಲಕ ಪೊಲೀಸರಿಗೆ ವಿವರ ಕೊಡಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ಗಾಯವಾಗಿಲ್ಲ ಎಂದು ಹೋಗಿಬಿಡುವಂತಿಲ್ಲ.

ಹೋಟೆಲಿನ ಹೊಣೆ ಎಲ್ಲಿಂದ ಶುರು?

ಗಿರಾಕಿ ತಾನೇ ಗಾಡಿ ನಿಲ್ಲಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಬಂದರೆ, ಬೇರೆಯವರು ಅದಕ್ಕೆ ತಾಗಿಸಿದ್ದಕ್ಕೆ ಸಾಮಾನ್ಯವಾಗಿ ಹೋಟೆಲು ಹೊಣೆಯಲ್ಲ. ಆದರೆ ನಮ್ಮ ಮನುಷ್ಯ ಕೀಲಿ ತೆಗೆದುಕೊಂಡರೆ ಅಥವಾ ಕೈ ಬೀಸಿ ಗಾಡಿ ನಡೆಸಿದರೆ ಮಾತು ಬದಲಾಗುತ್ತದೆ. ಕೆಲಸದ ವೇಳೆಯಲ್ಲಿ ಕೆಲಸದವನು ತೋರಿದ ಅಜಾಗರೂಕತೆಗೆ ಮಾಲೀಕನೂ ಬಾಧ್ಯ.

ಕೀಲಿಯ ವಿಷಯದಲ್ಲಿ ದೆಹಲಿಯದೇ ಒಂದು ಮೊಕದ್ದಮೆ ಎಲ್ಲ ಹೋಟೆಲಿನವರೂ ತಿಳಿದಿರಬೇಕಾದದ್ದು. 1998ರ ಆಗಸ್ಟ್ 1ರ ರಾತ್ರಿ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಝೆನ್ ಕಾರಿನ ಕೀಲಿಯನ್ನು ನಿಲುಗಡೆ ಸಿಬ್ಬಂದಿಗೆ ಕೊಟ್ಟರು. ಬೇರೆ ಯಾರೋ ಆ ಕೀಲಿ ಎತ್ತಿಕೊಂಡು ಕಾರು ಕದ್ದೊಯ್ದರು. ವಿಮಾ ಕಂಪನಿ ಕಾರಿನವರಿಗೆ 2.8 ಲಕ್ಷ ಕೊಟ್ಟು, ನಂತರ ಹೋಟೆಲಿನ ಮೇಲೆ ಹೋಯಿತು. ಗಾಡಿ ಮಾಲೀಕರದೇ ಜವಾಬ್ದಾರಿ ಎಂದು ಚೀಟಿಯಲ್ಲಿ ಅಚ್ಚಾಗಿದೆಯಲ್ಲ ಎಂಬುದು ಹೋಟೆಲಿನ ವಾದ. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟು ಆ ವಾದ ಒಪ್ಪಲಿಲ್ಲ. ಕೀಲಿ ತೆಗೆದುಕೊಂಡ ಮೇಲೆ ಗಾಡಿ ಹೋಟೆಲಿನ ವಶಕ್ಕೆ ಬಂದ ಹಾಗೆ, ತಕ್ಕಷ್ಟು ಕಾಳಜಿ ವಹಿಸಿದ್ದೇವೆಂದು ಹೋಟೆಲೇ ತೋರಿಸಬೇಕು, ಬರೀ ಚೀಟಿ ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಆ ಪೀಠದಲ್ಲಿದ್ದವರಲ್ಲಿ ಒಬ್ಬರು ನಮ್ಮ ಕರ್ನಾಟಕದವರೇ ಆದ ದಿವಂಗತ ನ್ಯಾಯಮೂರ್ತಿ ಮೋಹನ ಶಾಂತನಗೌಡರ್.

ಅದು ಕಳ್ಳತನದ ಮೊಕದ್ದಮೆ, ನಮ್ಮದು ಸಣ್ಣ ಹೋಟೆಲು ಎನ್ನಬೇಡಿ. ಗಲ್ಲಾದ ಪಕ್ಕದ ಮೊಳೆಗೆ ಗಿರಾಕಿಗಳ ಕೀಲಿ ನೇತುಹಾಕುವ ಅಭ್ಯಾಸ ನಮ್ಮಲ್ಲಿ ಎಷ್ಟು ಕಡೆ ಇಲ್ಲ? ಹಾಗೆ ತೆಗೆದುಕೊಂಡ ಗಾಡಿಗೆ ಪೆಟ್ಟು ಬಿದ್ದರೂ ಕೇಳುವ ಪ್ರಶ್ನೆ ಅದೇ: ನೀವು ಏನು ಕಾಳಜಿ ವಹಿಸಿದಿರಿ?

ಮಾಡಬೇಕಾದದ್ದು

1. ಮೊದಲು ಮನುಷ್ಯರನ್ನು ನೋಡಿ. ಯಾರಿಗಾದರೂ ಗಾಯವಾಗಿದ್ದರೆ ರಾಜಿಯ ಮಾತೇ ಬೇಡ, ಆಸ್ಪತ್ರೆ ಮತ್ತು 112.

2. ಗಾಡಿ ಎತ್ತುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಎರಡೂ ನಂಬರ್ ಪ್ಲೇಟ್, ಹಾನಿ, ಗಾಡಿಗಳು ನಿಂತ ಜಾಗ ಕಾಣಬೇಕು. ಬೈಕು ದಾರಿಗೆ ಅಡ್ಡ ನಿಂತಿದ್ದರೆ ಅದೂ ಫೋಟೋದಲ್ಲಿ ಇರಲಿ. ಆಗ ತಪ್ಪಿನಲ್ಲಿ ಅವನ ಪಾಲೂ ಇರುತ್ತದೆ.

3. ಬೈಕಿನವನು ಅಲ್ಲಿಲ್ಲದಿದ್ದರೆ ಕಾರಿನವರ ಹೆಸರು, ಫೋನ್ ನಂಬರು ಪಡೆದೇ ಕಳಿಸಿ. ಕೊಡದಿದ್ದರೆ ಕಾರಿನ ನಂಬರ್ ಬರೆದಿಟ್ಟುಕೊಳ್ಳಿ. ಅಡ್ಡಗಟ್ಟಿ ಕೈ ಮಾಡಲು ಹುಡುಗರನ್ನು ಬಿಡಬೇಡಿ.

4. ಸಿ.ಸಿ. ಟಿ.ವಿ. ಚಿತ್ರವನ್ನು ಆ ದಿನವೇ ಪೆನ್ ಡ್ರೈವಿಗೆ ಹಾಕಿಸಿ. ಕೆಲವು ದಿನಗಳಲ್ಲಿ ಹಳೆಯದು ಅಳಿದು ಹೊಸದು ಬೀಳುತ್ತದೆ.

5. ಅಂದಾಜನ್ನು ಮೆಕ್ಯಾನಿಕ್ ಬರೆದುಕೊಡಲಿ. ನೂರು ಐನೂರರ ಚೌಕಾಸಿ ಅಲ್ಲಿಗೆ ನಿಲ್ಲುತ್ತದೆ. ದುಡಿಯುವ ಬೈಕಾದರೆ ಎಷ್ಟು ದಿನ ನಿಲ್ಲುತ್ತದೆಂಬುದನ್ನೂ ಕೇಳಿ.

6. ರಾಜಿಯಾದರೆ ಚೀಟಿ ಬರೆಯಿರಿ. ದಿನಾಂಕ, ಸಮಯ, ಗಾಡಿಗಳ ನಂಬರು, ಹಾನಿ, ಕೊಟ್ಟ ಹಣ, ಮುಂದೆ ಈ ಬಗ್ಗೆ ತಕರಾರಿಲ್ಲ ಎಂಬ ಮಾತು, ಎಲ್ಲರ ಸಹಿ. ಸಹಿ ಹಾಕುವವರು ಓದಬಲ್ಲ ಭಾಷೆಯಲ್ಲಿ ಇರಲಿ. ಹಣ ಯು.ಪಿ.ಐ. ಮೂಲಕ ಹೋದರೆ ದಾಖಲೆ ತಾನಾಗಿ ಉಳಿಯುತ್ತದೆ.

7. ನಿಮ್ಮ ಹೋಟೆಲಿನ ಪಾಲಿಸಿಯಲ್ಲಿ ಸಾರ್ವಜನಿಕ ಹೊಣೆಯ ಭಾಗವಿದೆಯೇ, ನಿಲುಗಡೆ ಜಾಗದ ಹಾನಿ ಅದರಲ್ಲಿ ಸೇರುತ್ತದೆಯೇ ಎಂದು ಏಜೆಂಟರನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಕೊನೆಯ ಮಾತು

ನಾನೀಗ ಬೈಕಿಗೆ, ಕಾರಿಗೆ ಬೇರೆ ಬೇರೆ ಜಾಗ ಮಾಡಿ ಬಿಳಿ ಗೆರೆ ಎಳೆಸಿದ್ದೇನೆ. ಡೆಲಿವರಿ ಹುಡುಗರಿಗೆ ಪಾರ್ಸೆಲ್ ಕಿಟಕಿಯ ಪಕ್ಕದಲ್ಲೇ ಜಾಗ. ಕಾರು ಹಿಂದೆ ಬರುವಾಗ ತಗ್ಗಿನ ಬೈಕು ಡ್ರೈವರಿಗೆ ಕಾಣುವುದಿಲ್ಲ. ಆದ್ದರಿಂದ ವಾಚ್‌ಮನ್ ಡ್ರೈವರಿನ ಕನ್ನಡಿಯಲ್ಲಿ ತಾನು ಕಾಣುವಂತೆ ಪಕ್ಕದಲ್ಲಿ ನಿಲ್ಲಬೇಕು, ಗಾಡಿ ನಿಲ್ಲುವ ತನಕ ಬೇರೆ ಕಡೆ ತಿರುಗಬಾರದು, ಅನುಮಾನ ಬಂದರೆ ಕೈ ಬೀಸದೆ "ರುಕೋ" ಎನ್ನಬೇಕು. ಇಷ್ಟನ್ನು ಹೇಳಿಕೊಡಲು ಅರ್ಧ ಗಂಟೆ ಸಾಕಾಯಿತು. ಮೊದಲೇ ಕೊಡಬೇಕಾಗಿದ್ದ ಅರ್ಧ ಗಂಟೆ ಅದು.

ಆ ಗಿರಾಕಿ ಎರಡು ಭಾನುವಾರ ಬರಲಿಲ್ಲ. ಮೂರನೆಯ ಭಾನುವಾರ ತಾಯಿಯೊಂದಿಗೆ ಬಂದರು. ಡೆಲಿವರಿ ಹುಡುಗ ಈಗಲೂ ಪಾರ್ಸೆಲಿಗೆ ಬರುತ್ತಾನೆ. ನನಗೆ ಖರ್ಚಾದದ್ದು 3,300 ರೂಪಾಯಿ. ಒಂದು ಸುಳ್ಳು ಹೇಳಿದ್ದರೆ ಅದು ಉಳಿಯುತ್ತಿತ್ತು, ಆದರೆ ಇವರಿಬ್ಬರಲ್ಲಿ ಒಬ್ಬರನ್ನಾದರೂ ಕಳೆದುಕೊಳ್ಳುತ್ತಿದ್ದೆ.

ಸದಸ್ಯ ಬಂಧುಗಳು ತಮ್ಮ ಹೋಟೆಲಿನ ಎದುರಿನ ಜಾಗವನ್ನು ಇಂದೇ ಒಮ್ಮೆ ನಿಂತು ನೋಡಬೇಕು, ಅಲ್ಲಿ ನಿಲ್ಲುವ ಹುಡುಗನೊಡನೆ ಐದು ನಿಮಿಷ ಮಾತಾಡಬೇಕು ಎಂದು ವಿನಂತಿ. ಇಂಥ ಅನುಭವ ಆದವರು ಬರೆದು ಕಳಿಸಿದರೆ ಉಳಿದವರಿಗೂ ಉಪಕಾರವಾದೀತು.