ಬರೆದು ಮುಗಿಸಿದ ಗೃಹಪಾಠವನ್ನು ಒಪ್ಪಿಸುವ ಅಭ್ಯಾಸ: ಪೋಷಕರಿಗೆ ಮಾಹಿತಿ

ರಾತ್ರಿ ಬರೆದು ಮುಗಿಸಿದ ಗೃಹಪಾಠವು ಮರುದಿನ ಮನೆಯಲ್ಲಿಯೇ ಉಳಿಯುವುದು, ಅಥವಾ ಚೀಲದಲ್ಲಿದ್ದರೂ ಶಿಕ್ಷಕರ ಕೈ ಸೇರದಿರುವುದು ಅನೇಕ ಕುಟುಂಬಗಳಲ್ಲಿ ಕಂಡುಬರುವ ಸಂಗತಿಯಾಗಿದೆ. ಇದನ್ನು ಸೋಮಾರಿತನವೆಂದು ಭಾವಿಸುವುದು ಸರಿಯಲ್ಲ. ಬರೆಯುವುದು ಒಂದು ಕೆಲಸವಾದರೆ ಒಪ್ಪಿಸುವುದು ಮತ್ತೊಂದು ಕೆಲಸ. ಎರಡನೆಯದನ್ನು ಪ್ರತ್ಯೇಕವಾಗಿ ರೂಢಿಸಬೇಕಾಗುತ್ತದೆ.

ಒಪ್ಪಿಸುವುದರ ಮಹತ್ವ

ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಡಿ ವರ್ಷವಿಡೀ ನಡೆಯುವ ಚಟುವಟಿಕೆಗಳನ್ನೂ ಪರಿಗಣಿಸಲಾಗುತ್ತದೆ. ಎಸ್.ಎಸ್.ಎಲ್.ಸಿ.ಯ ಗಣಿತ, ವಿಜ್ಞಾನ ಹಾಗೂ ಸಮಾಜ ವಿಜ್ಞಾನ ವಿಷಯಗಳಲ್ಲಿ ತಲಾ 100 ಅಂಕಗಳ ಪೈಕಿ 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿವೆ. ಸಿದ್ಧಪಡಿಸಿದ ಕೆಲಸವು ಶಿಕ್ಷಕರಿಗೆ ತಲುಪದಿದ್ದಲ್ಲಿ ಮಗುವಿನ ಶ್ರಮ ಲೆಕ್ಕಕ್ಕೆ ಬರುವುದಿಲ್ಲ. ತಪ್ಪುಗಳೂ ತಿದ್ದಲ್ಪಡದೆ ಉಳಿಯುತ್ತವೆ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮಗಳು

ಮೊದಲಿಗೆ, ಪುಸ್ತಕವು ಮನೆಯಲ್ಲಿ ಉಳಿಯುತ್ತಿದೆಯೇ ಅಥವಾ ಶಾಲೆಯವರೆಗೂ ಹೋಗಿ ಚೀಲದಲ್ಲಿಯೇ ಉಳಿಯುತ್ತಿದೆಯೇ ಎಂಬುದನ್ನು ಒಂದು ವಾರ ಗಮನಿಸತಕ್ಕದ್ದು.

ಮನೆಯಲ್ಲಿ ಉಳಿಯುತ್ತಿದ್ದಲ್ಲಿ:

1. ಪುಸ್ತಕವು ಚೀಲ ಸೇರಿದ ನಂತರವೇ ಗೃಹಪಾಠ ಮುಗಿಯಿತೆಂದು ಪರಿಗಣಿಸುವುದು.
2. ಮರುದಿನದ ವೇಳಾಪಟ್ಟಿಯಂತೆ ಚೀಲವನ್ನು ರಾತ್ರಿ ಮಲಗುವ ಮುನ್ನವೇ ಸಿದ್ಧಪಡಿಸುವುದು. ಬೆಳಗಿನ ಅವಸರದಲ್ಲಿ ಮರೆವು ಹೆಚ್ಚು.
3. ಚೀಲವನ್ನು ಪ್ರತಿದಿನ ಒಂದೇ ಸ್ಥಳದಲ್ಲಿ, ಸಾಧ್ಯವಾದರೆ ಬಾಗಿಲ ಬಳಿ ಇಡುವುದು.
4. ಭೂಪಟ, ಯೋಜನಾ ಕಾರ್ಯ ಮುಂತಾದ ಬಿಡಿ ಹಾಳೆಗಳಿಗೆ ಒಂದೇ ಫೈಲ್ ಬಳಸುವುದು.

ಚೀಲದಲ್ಲಿಯೇ ಉಳಿಯುತ್ತಿದ್ದಲ್ಲಿ:

1. ಆಯಾ ವಿಷಯದ ಪಠ್ಯಪುಸ್ತಕವನ್ನು ತೆಗೆಯುವಾಗಲೇ ಗೃಹಪಾಠದ ಪುಸ್ತಕವನ್ನೂ ಹೊರತೆಗೆಯುವ ರೂಢಿ ಮಾಡಿಸುವುದು. ಒಂದು ಕೆಲಸವು ಮತ್ತೊಂದನ್ನು ನೆನಪಿಸುತ್ತದೆ.
2. ಶಾಲಾ ಡೈರಿಯಲ್ಲಿ 'ಬರೆದದ್ದು', 'ಒಪ್ಪಿಸಿದ್ದು' ಎಂಬ ಎರಡು ಗುರುತುಗಳನ್ನು ಮಗುವೇ ಹಾಕುವುದು.
3. ಸಂಜೆ 'ಹೋಂವರ್ಕ್ ಇದೆಯೇ?' ಎನ್ನುವುದಕ್ಕೆ ಮೊದಲು 'ಇವತ್ತು ಏನೇನು ಒಪ್ಪಿಸಿದೆ?' ಎಂದು ವಿಚಾರಿಸುವುದು.

ಚೀಲವನ್ನು ಮಗುವೇ ಸಿದ್ಧಪಡಿಸುವುದು ಸೂಕ್ತ. ಓದು ಬರಹ ಬಾರದ ಪೋಷಕರೂ ಚೀಲವನ್ನು ತೋರಿಸುವಂತೆ ಮಗುವಿಗೆ ಹೇಳಬಹುದಾಗಿದೆ. ರೂಢಿ ಬಲಗೊಂಡಂತೆ ನೆನಪಿಸುವುದನ್ನು ಕ್ರಮೇಣ ಕಡಿಮೆ ಮಾಡತಕ್ಕದ್ದು.

ಶಾಲೆಯೊಡನೆ ಸಮಾಲೋಚನೆ

ಮರೆವು ಮುಂದುವರಿದಲ್ಲಿ ತರಗತಿ ಶಿಕ್ಷಕರನ್ನು ಭೇಟಿ ಮಾಡಿ, ಗೃಹಪಾಠವನ್ನು ನಿಗದಿತ ಸಮಯದಲ್ಲಿ ಸಂಗ್ರಹಿಸುವಂತೆ ಕೋರಬಹುದು. ಕೆಲಸದ ಹೊರೆ ಹೆಚ್ಚಿದ್ದಲ್ಲಿ ಅದನ್ನೂ ತಿಳಿಸಬಹುದು. ಕೇಂದ್ರದ ಶಾಲಾ ಚೀಲ ನೀತಿ 2020ರ ಪ್ರಕಾರ 1 ಮತ್ತು 2ನೇ ತರಗತಿಗಳಿಗೆ ಗೃಹಪಾಠ ಇರತಕ್ಕದ್ದಲ್ಲ. 3ರಿಂದ 5ನೇ ತರಗತಿಗೆ ವಾರಕ್ಕೆ ಗರಿಷ್ಠ 2 ಗಂಟೆ, 6ರಿಂದ 8ನೇ ತರಗತಿಗೆ ದಿನಕ್ಕೆ ಗರಿಷ್ಠ 1 ಗಂಟೆಯ ಗೃಹಪಾಠ ನೀಡಬಹುದಾಗಿದೆ.

ಮರೆತ ಮಗುವನ್ನು ಹೊಡೆಯುವುದು ಅಥವಾ ಅವಮಾನಿಸುವುದರಿಂದ ನೆನಪು ಹೆಚ್ಚುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಪ್ರಕರಣವು ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ.

ವಿಶೇಷ ಗಮನ

ಗೃಹಪಾಠ ಮಾತ್ರವಲ್ಲದೆ, ದಿನನಿತ್ಯದ ಇತರ ಕೆಲಸಗಳಲ್ಲಿಯೂ ಮರೆವು ಮತ್ತು ಗಮನದ ಕೊರತೆ ದೀರ್ಘಕಾಲ ಕಂಡುಬಂದಲ್ಲಿ ವೈದ್ಯರ ಸಲಹೆ ಪಡೆಯುವುದು ಒಳಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಉಚಿತ ತಪಾಸಣೆಯ ಸೌಲಭ್ಯ ಪಡೆಯಬಹುದಾಗಿದ್ದು, ಈ ಕುರಿತು ಶಾಲೆಯ ಮುಖ್ಯೋಪಾಧ್ಯಾಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು.