ಬಿಸಿಲ ನಾಡಿನಲ್ಲಿ 'ಮಿಲಿಟರಿ ಜರ್ಕಿನ್' ಮೋಹ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಸಿಂಧನೂರು: ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ದಪ್ಪ ಬಟ್ಟೆಯ, ನಾಲ್ಕು ಜೇಬಿನ ಸೇನಾ ಜಾಕೆಟ್ಟಿಗೆ ಏನು ಕೆಲಸ ಎಂದು ಹೊರಗಿನವರು ಕೇಳಬಹುದು. ಡಿಸೆಂಬರ್-ಜನವರಿಯ ನಸುಕಿನಲ್ಲಿ ಸಿಂಧನೂರಿನಿಂದ ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಬೈಕ್ ಓಡಿಸಿದವರು ಮಾತ್ರ ಈ ಪ್ರಶ್ನೆ ಕೇಳಲಾರರು. ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಗದ್ದೆಗಳ ಮೇಲಿಂದ ಬೀಸುವ ಗಾಳಿ ತೆಳು ಅಂಗಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ರಾತ್ರಿ ಗದ್ದೆಗೆ ನೀರು ಹಾಯಿಸುವ ರೈತರಿಗೂ, ನಸುಕಿನಲ್ಲಿ ಹಾಲಿನ ಕ್ಯಾನ್ ಹೊತ್ತು ಸಾಗುವವರಿಗೂ ಬೆಚ್ಚನೆಯ ಹೊದಿಕೆಯೊಂದು ಬೇಕೇ ಬೇಕು.

ಆದರೆ ಸ್ವೆಟರ್ ಇರುವಾಗ ಯುವಕರು ಸೇನಾ ಮಾದರಿಯ ಜಾಕೆಟ್ಟನ್ನೇ ಏಕೆ ಅರಸುತ್ತಾರೆ? ಇದಕ್ಕೆ ಚಳಿಯೊಂದೇ ಉತ್ತರವಲ್ಲ. ಆ ಉಡುಪಿನ ಹಿಂದೆ ಒಂದು ಇತಿಹಾಸವಿದೆ, ಒಂದು ಗತ್ತೂ ಇದೆ. ಜೊತೆಗೆ, ಕೊಳ್ಳುವವರಲ್ಲಿ ಹಲವರು ಗಮನಿಸದ ಕಾನೂನಿನ ಗೆರೆಯೂ ಇದೆ.

ಆಡುಮಾತಿನಲ್ಲಿ 'ಮಿಲಿಟರಿ ಜರ್ಕಿನ್' ಎಂಬ ಒಂದೇ ಹೆಸರಿನಡಿ ಮೂರು ಬಗೆಯ ಸರಕುಗಳು ಸೇರಿಹೋಗಿವೆ. ವಿದೇಶಿ ಸೇನೆಗಳು ಬಳಸಿ ಬಿಟ್ಟ, ದಶಕಗಳಷ್ಟು ಹಳೆಯ ಅಸಲಿ ಜಾಕೆಟ್ ಮೊದಲನೆಯದು. ಅದನ್ನು ನೋಡಿ ಇಂದು ಹೊಲಿಯುವ ಮರುಸೃಷ್ಟಿ ಎರಡನೆಯದು. ನಮ್ಮದೇ ಭೂಸೇನೆಯ ಪ್ರಸ್ತುತ ಸಮವಸ್ತ್ರದ ಚಿತ್ತಾರವನ್ನು ನಕಲು ಮಾಡಿದ ಬಟ್ಟೆ ಮೂರನೆಯದು. ಮೊದಲೆರಡು ಅಭಿರುಚಿಗೆ ಬಿಟ್ಟದ್ದು. ಮೂರನೆಯದರ ವಿಷಯ ಹಾಗಲ್ಲ.

ನಾಗರಿಕರಿಂದ ಸೇನೆಗೆ, ಸೇನೆಯಿಂದ ನಾಗರಿಕರಿಗೆ

ಇಂದು ಜಗತ್ತಿನಾದ್ಯಂತ 'ಫೀಲ್ಡ್ ಜಾಕೆಟ್' ಎಂದು ಪ್ರಸಿದ್ಧವಾಗಿರುವ ಉಡುಪಿನ ವಂಶಾವಳಿ ಅಮೆರಿಕದ ಸೇನೆಯದು. ಸ್ವಾರಸ್ಯವೆಂದರೆ, ಅದರ ಪೂರ್ವಜ ಹುಟ್ಟಿದ್ದು ಶಿಬಿರದಲ್ಲಲ್ಲ. ನಾಗರಿಕರು ಗಾಳಿ ತಡೆಯಲು ತೊಡುತ್ತಿದ್ದ ಸಾಮಾನ್ಯ ಜಾಕೆಟ್ಟನ್ನು ಆಧರಿಸಿ ಮೇಜರ್ ಜನರಲ್ ಜೇಮ್ಸ್ ಪಾರ್ಸನ್ಸ್ ಸೂಚಿಸಿದ ಉಡುಪೇ ಎರಡನೇ ಮಹಾಯುದ್ಧದ ಆರಂಭದಲ್ಲಿ ಸೈನಿಕರ ಮೈಮೇಲೆ ಬಂದಿತು. ಅದು ಯುದ್ಧಭೂಮಿಯ ಮಳೆ-ಕೆಸರಿಗೆ ಸಾಲಲಿಲ್ಲ. ಬದಲಿಗೆ ಬಂದದ್ದೇ ಎಂ-1943. 1944ರಲ್ಲಿ ಇಟಲಿಯ ಆಂಜಿಯೊ ರಣರಂಗದಲ್ಲಿ ಅದನ್ನು ಪರೀಕ್ಷೆಗೆ ಒಡ್ಡಲಾಯಿತು. ಮುಂದೆ ಎಂ-1951ರಲ್ಲಿ ಲೋಹದ ಜಿಪ್ ಸೇರಿತು. 1965ರಲ್ಲಿ ಇಂದಿನ ಮೋಹಕ್ಕೆ ಮುಖ್ಯ ಕಾರಣವಾದ ಎಂ-65 ರೂಪುಗೊಂಡಿತು.

ಈ ಜಾಕೆಟ್ಟಿನಲ್ಲಿ ಅಲಂಕಾರವೆಂಬುದು ಬಹುತೇಕ ಇಲ್ಲ. ಎದೆಯ ಮೇಲೆ ಎರಡು, ಸೊಂಟದ ಕೆಳಗೆ ಎರಡು ದೊಡ್ಡ ಜೇಬು. ಕೊರಳಪಟ್ಟಿಯೊಳಗೆ ಸುರುಳಿ ಸುತ್ತಿ ಜಿಪ್ ಹಾಕಿದ ತೆಳು ಟೊಪ್ಪಿಗೆ. ತೋಳಿನ ತುದಿಯಲ್ಲಿ ಗಾಳಿ ನುಗ್ಗದಂತೆ ಬಿಗಿಯುವ ವೆಲ್ಕ್ರೋ ಪಟ್ಟಿ. ಸೊಂಟದ ಬಳಿ ಒಳಗಿನಿಂದಲೇ ಎಳೆದು ಕಟ್ಟುವ ದಾರ. ಕೈ ಮುಂದೆ ಚಾಚಿದರೆ ಬೆನ್ನು ಹಿಡಿಯದಂತೆ ಹಿಂಭಾಗದಲ್ಲಿ ನೆರಿಗೆ. ಬೈಕ್ ಸವಾರನಿಗೆ ಇಷ್ಟವಾಗುವುದು ಮುಖ್ಯವಾಗಿ ಈ ಕೊನೆಯ ಎರಡು ಸೌಲಭ್ಯಗಳೇ.

ಚಳಿ ತಡೆಯುವ ತತ್ವವೂ ಸರಳ. ಮೈಯನ್ನು ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಬಟ್ಟೆಯ ಪದರಗಳ ನಡುವೆ ನಿಂತ ಗಾಳಿ. ಆದ್ದರಿಂದ ಹೊರಗಡೆ ನೈಲಾನ್ ಮತ್ತು ಹತ್ತಿಯನ್ನು ಅರ್ಧರ್ಧ ಬೆರೆಸಿ ಒತ್ತಾಗಿ ನೇಯ್ದ ಬಟ್ಟೆ, ಒಳಗೆ ಗುಂಡಿ ಹಾಕಿ ಸೇರಿಸುವ ಮೆತ್ತನೆಯ ಒಳಪದರ. ಹೊರಬಟ್ಟೆ ಬೀಸುವ ಗಾಳಿಯನ್ನು ತಡೆಯುತ್ತದೆ, ಒಳಪದರ ನಿಂತ ಗಾಳಿಯನ್ನು ಹಿಡಿದಿಡುತ್ತದೆ. ಬಿಸಿಲೇರಿದರೆ ಒಳಪದರ ಬಿಚ್ಚಿದರಾಯಿತು. ನಮ್ಮ ಭಾಗದ ಚಳಿಗೆ ಆ ಒಳಪದರವಂತೂ ಅನಗತ್ಯ. ಹೊರ ಜಾಕೆಟ್ಟೊಂದೇ ಧಾರಾಳ.

ಹಾಗೆ ನೋಡಿದರೆ ಲಿಂಗಸುಗೂರು, ಮಸ್ಕಿ ಸುತ್ತಿನ ಕುರಿಗಾಹಿಗಳಿಗೆ ಈ ತತ್ವ ಹೊಸದಲ್ಲ. ದಖ್ಖನಿ ಕುರಿಯ ಉಣ್ಣೆಯ ಕರಿ ಕಂಬಳಿಯನ್ನು ಕೊಪ್ಪೆಯಾಗಿ ಮಡಿಚಿ ತಲೆಯಿಂದ ಬೆನ್ನವರೆಗೆ ಇಳಿಬಿಟ್ಟರೆ ಅದೇ ಟೊಪ್ಪಿಗೆ, ಅದೇ ಜಾಕೆಟ್. ಉಣ್ಣೆಯ ಸುರುಳಿ ಎಳೆಗಳು ಗಾಳಿಯನ್ನು ಹಿಡಿದಿಡುತ್ತವೆ, ಅದರ ಸಹಜ ಜಿಡ್ಡು ಮಳೆಹನಿಯನ್ನು ಜಾರಿಸುತ್ತದೆ. ರಾತ್ರಿ ಅದೇ ಹಾಸಿಗೆಯೂ ಆಗುತ್ತದೆ. ಆ ಸೌಲಭ್ಯ ಎಂ-65ರಲ್ಲಿಲ್ಲ!

ತೊಟ್ಟವರೇ ಯುದ್ಧ ಬೇಡವೆಂದರು

ಎಂ-65 ಹೆಸರು ಮಾಡಿದ್ದು ವಿಯೆಟ್ನಾಂ ಯುದ್ಧದ ಕಾಲದಲ್ಲಿ. ಆದರೆ ಅದು ನಗರದ ಬೀದಿಗಳಲ್ಲಿ ಅರ್ಥ ಪಡೆದದ್ದು ಯುದ್ಧವನ್ನು ವಿರೋಧಿಸಿದವರಿಂದ. 1971ರ ಏಪ್ರಿಲ್‌ನಲ್ಲಿ ವಿಯೆಟ್ನಾಂನಿಂದ ಮರಳಿದ ನೂರಾರು ಮಾಜಿ ಸೈನಿಕರು ವಾಷಿಂಗ್ಟನ್‌ನಲ್ಲಿ ಸೇರಿ, ತಮಗೆ ದೊರೆತ ಪದಕಗಳನ್ನು ಸಂಸತ್ ಭವನದ ಮೆಟ್ಟಿಲುಗಳತ್ತ ಎಸೆದರು. ಅವರಲ್ಲಿ ಅನೇಕರು ತೊಟ್ಟಿದ್ದು ಅದೇ ಹಸಿರು ಸೇನಾ ಉಡುಪು. ಅಲ್ಲಿಂದಾಚೆಗೆ ಈ ಉಡುಪಿನಲ್ಲಿ ಆಜ್ಞಾಪಾಲನೆ, ಪ್ರತಿಭಟನೆ ಎರಡೂ ಕಾಣತೊಡಗಿದವು. 1976ರ 'ಟ್ಯಾಕ್ಸಿ ಡ್ರೈವರ್' ಚಿತ್ರದಲ್ಲಿ ರಾಬರ್ಟ್ ಡಿ ನೀರೊ, 1982ರ 'ಫಸ್ಟ್ ಬ್ಲಡ್' ಚಿತ್ರದಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಇದನ್ನು ತೊಟ್ಟರು. ಇಬ್ಬರದೂ ಯುದ್ಧದಿಂದ ಮರಳಿ ಊರಿನಲ್ಲಿ ನೆಲೆ ಕಾಣದ ಸೈನಿಕನ ಪಾತ್ರ. ಚಿತ್ರ ನೋಡಿದವರಿಗೆ ನೆನಪಿನಲ್ಲಿ ಉಳಿದದ್ದು ಮಾತ್ರ ಬಹುಪಾಲು ಜಾಕೆಟ್ಟೇ.

ಕಳಿಂಗದ ಬಳಿಕ ಯುದ್ಧಕ್ಕೆ ಬೆನ್ನು ತಿರುಗಿಸಿದ ಅರಸನ ಹೆಸರು 'ಅಶೋಕ' ಎಂದೇ ಶಾಸನವೊಂದರಲ್ಲಿ ಮೊದಲು ಓದಲು ದೊರೆತದ್ದು 1915ರಲ್ಲಿ, ಇದೇ ಮಸ್ಕಿಯಲ್ಲಿ. ಸೇನಾ ಜಾಕೆಟ್ ತೊಟ್ಟು ಮಸ್ಕಿಯ ಬೆಟ್ಟ ಹತ್ತುವ ಹುಡುಗರು ಅದನ್ನೊಮ್ಮೆ ನೆನೆಯಬಹುದು.

ಖಾಕಿಗೆ ಮಂಗಳೂರಿನ ಬಣ್ಣ

ಸೇನಾ ಉಡುಪಿನ ಚರಿತ್ರೆಗೆ ಕರ್ನಾಟಕ ಹೊರಗಿನದಲ್ಲ. 'ಖಾಕ್' ಎಂದರೆ ಧೂಳು ಎಂಬುದನ್ನು ಉರ್ದು ಬಳಕೆಯಿರುವ ನಮ್ಮ ಭಾಗದವರಿಗೆ ವಿವರಿಸಬೇಕಿಲ್ಲ. 1840ರ ದಶಕದಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ 'ಗೈಡ್ಸ್' ಪಡೆ ಈ ಬಣ್ಣವನ್ನು ಮೊದಲು ತೊಟ್ಟಿತು. ಆದರೆ ಮಣ್ಣು-ಗಿಡಮೂಲಿಕೆಯಿಂದ ಅದ್ದಿದ ಬಟ್ಟೆ ಒಗೆದಂತೆಲ್ಲ ಬಣ್ಣ ಬದಲಿಸುತ್ತಿತ್ತು. ಮಂಗಳೂರಿನ ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬ ಜರ್ಮನ್ ನೇಕಾರ 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣದ ಬಟ್ಟೆ ಸಿದ್ಧಪಡಿಸಿದ. ಅದನ್ನು ಕೆನರಾ ಜಿಲ್ಲೆಯ ಪೊಲೀಸರು ತೊಟ್ಟರು, ಬಳಿಕ ಕಾರ್ಖಾನೆಗೆ ಭೇಟಿ ನೀಡಿದ ಲಾರ್ಡ್ ರಾಬರ್ಟ್ಸ್ ಅದನ್ನು ಸೇನೆಗೆ ಶಿಫಾರಸು ಮಾಡಿದ ಎಂಬುದು ಮಿಶನ್ ಇತಿಹಾಸದಲ್ಲಿ ಪ್ರಸಿದ್ಧ. ಬಣ್ಣದ ಕಲ್ಪನೆ ವಾಯವ್ಯ ಗಡಿಯದಾದರೂ ಅದನ್ನು ಕಾರ್ಖಾನೆಯ ಸರಕಾಗಿಸಿದ ಕೀರ್ತಿಯಲ್ಲಿ ಕರಾವಳಿಗೂ ಪಾಲಿದೆ.

ಲಿಂಗಸುಗೂರಿನ ನಂಟು ಇನ್ನೂ ನೇರವಾದದ್ದು. ನಿಜಾಮರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಗಳ ನೇತೃತ್ವದಲ್ಲಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿಗಳಲ್ಲಿ ಈ ಊರೂ ಒಂದಾಗಿತ್ತು. ಈ ಪಡೆಯ ವೆಚ್ಚದ ಬಾಕಿಗಾಗಿಯೇ 1853ರಲ್ಲಿ ರಾಯಚೂರು ದೋಆಬ್ ಪ್ರದೇಶ ಬ್ರಿಟಿಷರ ವಶಕ್ಕೆ ಹೋಗಿ, 1860ರಲ್ಲಿ ನಿಜಾಮರಿಗೆ ಮರಳಿತು. 1903ರಲ್ಲಿ ಕಂಟಿಂಜೆಂಟ್ ಪಡೆ ಭಾರತೀಯ ಸೇನೆಯಲ್ಲಿ ವಿಲೀನವಾಯಿತು. ಅಂದರೆ ಸಿಪಾಯಿಯ ಅಂಗಿ ಈ ಊರಿನ ಬೀದಿಗಳಿಗೆ ಸಿನಿಮಾದಿಂದ ಬಂದದ್ದಲ್ಲ. ಇನ್ನು ತೆರೆಯ ಮೇಲಿನ ಸೈನಿಕನನ್ನು ಕನ್ನಡಿಗರಿಗೆ ಹತ್ತಿರ ತಂದವರಲ್ಲಿ 1990ರ 'ಮುತ್ತಿನಹಾರ'ದ ವಿಷ್ಣುವರ್ಧನ್ ಅವರನ್ನು ಮರೆಯುವಂತಿಲ್ಲ.

ಅಸಲಿಯೋ, ಮರುಸೃಷ್ಟಿಯೋ?

ಹಳೆಯ ಅಮೆರಿಕನ್ ಜಾಕೆಟ್ ಎಂದು ಹೇಳಿ ಮಾರುವುದೆಲ್ಲ ಹಳೆಯದಲ್ಲ. ಒಳಭಾಗದಲ್ಲಿ ಹೊಲಿದ ಚೀಟಿಯನ್ನು ಓದುವುದು ಮೊದಲ ಪರೀಕ್ಷೆ. ಅಸಲಿ ಜಾಕೆಟ್ಟಿನ ಚೀಟಿಯಲ್ಲಿ ಸರ್ಕಾರಿ ಗುತ್ತಿಗೆಯ ಸಂಖ್ಯೆ ಇರುತ್ತದೆ. 'ಡಿಎಸ್‌ಎ-100' ಎಂಬುದರ ಮುಂದೆ 67 ಎಂದಿದ್ದರೆ ಅದು 1967ರ ಗುತ್ತಿಗೆ. 1977ರ ನಂತರ ಈ ಅಕ್ಷರಗಳು 'ಡಿಎಲ್‌ಎ' ಎಂದು ಬದಲಾದವು. ಜಿಪ್ ಕೂಡ ಸಾಕ್ಷಿ ಹೇಳುತ್ತದೆ: ಮೊದಲಿನವು ಅಲ್ಯೂಮಿನಿಯಂ, ನಂತರದವು ಹಿತ್ತಾಳೆ, ತೀರಾ ಈಚಿನವು ಪ್ಲಾಸ್ಟಿಕ್. ತೀರಾ ಮೊದಲ ತಂಡದ ಎಂ-65ಗಳಿಗೆ ಭುಜಪಟ್ಟಿಯೇ ಇರಲಿಲ್ಲ.

ಮರುಸೃಷ್ಟಿ ಎಂದರೆ ಕಳಪೆ ಎಂದೇನಲ್ಲ. 1993ರಲ್ಲಿ ಆರಂಭವಾದ ಜಪಾನಿನ 'ಬಜ್ ರಿಕ್ಸನ್ಸ್' ಬ್ರ್ಯಾಂಡ್ ಹಳೆಯ ಜಾಕೆಟ್ಟುಗಳ ಬಟ್ಟೆ, ದಾರ, ಜಿಪ್ಪನ್ನೂ ಮರುಸೃಷ್ಟಿಸುವಷ್ಟು ಹಟದ್ದು. ಅದರ ಬೆಲೆ ಎಷ್ಟೋ ವೇಳೆ ಅಸಲಿಯನ್ನೂ ಮೀರುತ್ತದೆ. ನಮ್ಮ ಸಂತೆಗಳಲ್ಲಿ ಕಾಣುವುದು ಇದರ ದೂರದ ನೆಂಟರು ಮಾತ್ರ. ಅಲ್ಲಿ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್, ಜೇಬು ಹೆಸರಿಗಷ್ಟೆ. ಒಂದು ಚಳಿಗಾಲಕ್ಕೆ ಸಾಕೆನ್ನುವವರಿಗೆ ಅದರಿಂದ ನಷ್ಟವಿಲ್ಲ, ಆದರೆ 'ಅಸಲಿ' ಎಂಬ ಮಾತಿಗೆ ಹೆಚ್ಚುವರಿ ಹಣ ಕೊಡುವುದು ಬೇಡ.

ಅಸಲಿ ಜಾಕೆಟ್ಟಿನ ಎದೆಯ ಮೇಲೆ ಕೆಲವೊಮ್ಮೆ ಸೈನಿಕನೊಬ್ಬನ ಹೆಸರಿನ ಪಟ್ಟಿ ಉಳಿದಿರುತ್ತದೆ. ಸಂಗ್ರಾಹಕರು ಅದಕ್ಕೆ ಹೆಚ್ಚು ಬೆಲೆ ಕಟ್ಟುತ್ತಾರೆ. ಆತ ಮನೆಗೆ ಮರಳಿದನೋ ಇಲ್ಲವೋ ಎಂಬುದು ಕೊಂಡವನಿಗೆ ತಿಳಿಯದು. ಅಂಥದ್ದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡುವುದು ಒಂದು, ಮೋಜಿಗೆ ತೊಟ್ಟು ತಿರುಗುವುದು ಇನ್ನೊಂದು. ಮನೆಯ ಹಿರಿಯರ ಸೇನಾ ಕೋಟನ್ನು ಟ್ರಂಕಿನಲ್ಲಿ ಮಡಿಸಿಟ್ಟಿರುವ ಕುಟುಂಬಗಳಿಗೆ ಈ ವ್ಯತ್ಯಾಸ ತಾನಾಗಿಯೇ ಗೊತ್ತಿರುತ್ತದೆ.

ಕಾನೂನು ಏನು ಹೇಳುತ್ತದೆ?

2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ನಡೆಸಿದ ಉಗ್ರರು ಸೇನಾ ಉಡುಪಿನಲ್ಲಿದ್ದರು. ಆ ಬಳಿಕ ಸೇನಾ ಮಾದರಿಯ ಉಡುಪು ತೊಡಬೇಡಿ, ಮಾರಬೇಡಿ ಎಂದು ಭೂಸೇನೆ ನಾಗರಿಕರಿಗೂ ವ್ಯಾಪಾರಿಗಳಿಗೂ ಮನವಿ ಮಾಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನ ಪ್ರಕಾರ, ತಾನು ಸೈನಿಕನೆಂದು ಇತರರು ನಂಬಲಿ ಎಂಬ ಉದ್ದೇಶದಿಂದ ಸೈನಿಕನ ಉಡುಪು ತೊಟ್ಟವರಿಗೆ 3 ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಳೆಯ ದಂಡಸಂಹಿತೆಯ 140ನೇ ಕಲಮಿನಲ್ಲಿ ದಂಡದ ಮಿತಿ 500 ರೂಪಾಯಿ ಇತ್ತು. ನಿಷೇಧಿತ ಸ್ಥಳ ಪ್ರವೇಶಿಸಲು ಇಂಥ ಉಡುಪು ಬಳಸಿದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯೂ ಅನ್ವಯವಾಗುತ್ತದೆ.

ಇಲ್ಲಿ 'ಉದ್ದೇಶ' ಎಂಬ ಪದ ಮುಖ್ಯ. ಚಳಿಗೆ ತೊಟ್ಟ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಆದರೆ ರೈಲು ನಿಲ್ದಾಣದಲ್ಲೋ ತಪಾಸಣಾ ಠಾಣೆಯಲ್ಲೋ ತಡೆದು ಪ್ರಶ್ನಿಸುವುದು ಉಡುಪನ್ನು ನೋಡಿಯೇ. ಉದ್ದೇಶವನ್ನು ವಿವರಿಸುವ ಸರದಿ ಆಮೇಲೆ ಬರುತ್ತದೆ.

ಮಾರುವವರ ಪಾಲಿಗೆ ನಿಯಮ ಇನ್ನಷ್ಟು ಬಿಗಿಯಾಗಿದೆ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ನೆರವಿನಿಂದ ರೂಪಿಸಿ 2022ರ ಜನವರಿ 15ರ ಸೇನಾ ದಿನದಂದು ಪ್ರದರ್ಶಿಸಿದ ಹೊಸ ಡಿಜಿಟಲ್ ಚಿತ್ತಾರದ ಸಮವಸ್ತ್ರದ ವಿನ್ಯಾಸವನ್ನು ಸೇನೆ ನೋಂದಾಯಿಸಿಕೊಂಡಿರುವುದು ಅದೇ ವರ್ಷದ ನವೆಂಬರ್‌ನಲ್ಲಿ ಪ್ರಕಟವಾಯಿತು. 2025ರಲ್ಲಿ ಪರಿಚಯಿಸಿದ ಮೂರು ಪದರದ ಹೊಸ 'ಕೋಟ್ ಕಾಂಬ್ಯಾಟ್' ಅಂದರೆ ನಮ್ಮ ಸೇನೆಯ ಫೀಲ್ಡ್ ಜಾಕೆಟ್ ಕೂಡ ನೋಂದಣಿಯಾಗಿದೆ. ಅನುಮತಿಯಿಲ್ಲದೆ ಈ ವಿನ್ಯಾಸವನ್ನು ತಯಾರಿಸುವವರ, ಮಾರುವವರ ವಿರುದ್ಧ ವಿನ್ಯಾಸ ಕಾಯ್ದೆಯಡಿ ಪರಿಹಾರ ಕೇಳಲು, ತಡೆಯಾಜ್ಞೆ ತರಲು ಸೇನೆಗೆ ಅಧಿಕಾರವಿದೆ. ಸಗಟು ನಗರಗಳಲ್ಲಿ ಹೊಲಿದು ಕಳಿಸುವವರನ್ನು ಬಿಟ್ಟು ತಾಲ್ಲೂಕು ಕೇಂದ್ರದಲ್ಲಿ ಗಾಡಿಯ ಮೇಲೆ ಹರವಿ ಮಾರುವವರನ್ನೇ ಹಿಡಿದರೆ ಪ್ರಯೋಜನವಿಲ್ಲ ಎಂಬುದೂ ನಿಜ.

ಆಯ್ಕೆ ಕಷ್ಟವೇನಲ್ಲ. ಚಿತ್ತಾರವಿಲ್ಲದ ಸಾದಾ ಆಲಿವ್ ಹಸಿರು, ಕಂದು ಅಥವಾ ಕಪ್ಪು ಬಣ್ಣದ ನಾಲ್ಕು ಜೇಬಿನ ಜಾಕೆಟ್ ಬಟ್ಟೆ ಅಂಗಡಿಗಳಲ್ಲಿ ಸಿಗುತ್ತದೆ. ಭುಜದ ಮೇಲೆ ದರ್ಜೆಯ ಗುರುತು, ತೋಳಿನ ಮೇಲೆ ಪಡೆಯ ಲಾಂಛನ, ಎದೆಯ ಮೇಲೆ ರಿಬ್ಬನ್ ಹೊಲಿದು ಕೊಟ್ಟರೆ ಬಿಚ್ಚಿಸಿ ಪಡೆಯುವುದು ಲೇಸು. ದರ್ಜಿಗೆ ಅದು ಐದು ನಿಮಿಷದ ಕೆಲಸ.