ಹುಸಿಮದ್ದು ಮತ್ತು ನೀವುವ ಕೈ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರನ್ನು ಹತ್ತಿರದಿಂದ ಕಂಡವರಿಗೆ ಬೆನ್ನುನೋವನ್ನು ಪರಿಚಯಿಸಬೇಕಾಗಿಲ್ಲ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತ ಹಗಲೆಲ್ಲ ಬಾಗಿ ಕುಳಿತವರು ಸಂಜೆ ಉಳುಕು ನೀವುವವರ ಮನೆಯ ಬಾಗಿಲು ತಟ್ಟುತ್ತಾರೆ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆಂಬ ನಂಬಿಕೆಯೂ ನಮ್ಮಲ್ಲುಂಟು. ಒಮ್ಮೆ ನಾನೂ ಚಿಂತಾಮಣಿಯಲ್ಲಿ ಒಬ್ಬ ಅಜ್ಜಿಯ ಮುಂದೆ ಬೋರಲು ಮಲಗಿದ್ದೆ. ಹರಳೆಣ್ಣೆ ಹಚ್ಚಿ ನೀವಿದರು. ಮೂರನೆಯ ದಿನ ತಿರುಗಾಡಿದೆ. ಗುಣವಾದದ್ದು ನೀವಿದ್ದರಿಂದಲೋ, ಎಣ್ಣೆಯ ಬಿಸಿಯಿಂದಲೋ, ಅಜ್ಜಿಯ ಮಾತಿನಿಂದಲೋ? ತಾನಾಗಿ ಹೋಗುವ ನೋವು ತನ್ನ ಹೊತ್ತಿಗೆ ಹೋಯಿತೋ? ದಿನಗೂಲಿಯಲ್ಲಿ ಪಾಲು ತೆಗೆದು ಚಿಕಿತ್ಸೆಗೆ ಕೊಡುವವನಿಗೆ ಈ ಪ್ರಶ್ನೆ ವಿನೋದದ್ದಲ್ಲ.

ಗುಳಿಗೆಯಾದರೆ ಪರೀಕ್ಷೆ ಸುಲಭ. ಅದೇ ಬಣ್ಣದ, ಅದೇ ಆಕಾರದ, ಔಷಧವಿಲ್ಲದ ಗುಳಿಗೆಯನ್ನು ಅರ್ಧ ಜನಕ್ಕೆ ಕೊಟ್ಟು ನೋಡಬಹುದು. ಇದೇ ಪ್ಲಸೀಬೋ, ಹುಸಿಮದ್ದು. ಕೈಚಿಕಿತ್ಸೆಗೆ ಹುಸಿರೂಪ ಕಟ್ಟುವುದು ಹೇಗೆ?

ಹಳೆಯ ಪ್ರಯತ್ನವೊಂದು ಸೊಗಸಾಗಿದೆ. ಅಮೆರಿಕದ ಪರ್ಕಿನ್ಸ್ ಎಂಬ ವೈದ್ಯ ಲೋಹದ ಎರಡು ಕಡ್ಡಿಗಳನ್ನು ಮೈಮೇಲೆ ಎಳೆದರೆ ನೋವು ಕಳೆಯುತ್ತದೆಂದು ಸಾರಿ ಅವನ್ನು ಮಾರುತ್ತಿದ್ದ. 1799ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದ ಜಾನ್ ಹೇಗಾರ್ತ್ ಮರದ ಕಡ್ಡಿಗಳಿಗೆ ಲೋಹದ ಬಣ್ಣ ಬಳಿಸಿ ಐವರ ಮೇಲೆ ಎಳೆಸಿದರು. ನಾಲ್ವರು ನೋವು ತಗ್ಗಿತೆಂದರು. ಮರುದಿನ ಲೋಹದ ಕಡ್ಡಿಗಳೂ ಅಷ್ಟೇ ಫಲ ಕೊಟ್ಟವು.

ಕಡ್ಡಿಗೆ ಬಣ್ಣ ಬಳಿಯಬಹುದು, ಕೈಗೆ ಬಳಿಯಲಾಗದು. ನೀವುವವನಿಗೆ ತಾನು ನಟಿಸುತ್ತಿದ್ದೇನೆಂದು ಗೊತ್ತಿರುತ್ತದೆ. ಅವನ ಉತ್ಸಾಹ ಕುಗ್ಗಿದರೆ ರೋಗಿಯ ಬೆನ್ನೇ ಅದನ್ನು ಓದಿಕೊಳ್ಳುತ್ತದೆ. ಇನ್ನೂ ಕಠಿಣವಾದ ತೊಡಕು, ಹಗುರ ಸ್ಪರ್ಶವೂ ಸ್ಪರ್ಶವೇ. ಅದು ತಾನೇ ಕೊಂಚ ಹಿತ ಕೊಡುವುದಾದರೆ, ಸೊನ್ನೆಯೆಂದು ಇಟ್ಟುಕೊಂಡದ್ದು ಸೊನ್ನೆಯಾಗಿ ಉಳಿಯುವುದಿಲ್ಲ. 2021ರಲ್ಲಿ ಪ್ರಕಟವಾದ ಫ್ರಾನ್ಸಿನ ಪರೀಕ್ಷೆಯೊಂದರಲ್ಲಿ 400 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಸ್ಟಿಯೋಪಥಿಯ ಕೈಚಿಕಿತ್ಸೆಯನ್ನೂ ಇನ್ನೊಂದಕ್ಕೆ ಹಗುರ ಸ್ಪರ್ಶದ ಸೋಗನ್ನೂ ಕೊಟ್ಟರು. ದಿನಗೆಲಸದ ಅಡಚಣೆಯ ಅಳತೆಯಲ್ಲಿ ನಿಜಚಿಕಿತ್ಸೆಗೆ ಅತ್ಯಲ್ಪ ಮೇಲುಗೈ. ನೋವಿನಲ್ಲಿ ಗಣನೀಯ ಅಂತರವಿಲ್ಲ.

ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು 80 ಬೆನ್ನುನೋವಿನ ರೋಗಿಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ನೀವುವುದಿಲ್ಲ, ಏಳು ದಿನಗಳ ಯೋಗ. ಎದುರು ಗುಂಪಿಗೆ ಸೋಗಿನ ಯೋಗದ ಬದಲು ವ್ಯಾಯಾಮವನ್ನು ಮಾಡಿಸಿದರು. ನನಗಿದು ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ. ಆದರೆ ಆಗ ಕೇಳಿದ ಪ್ರಶ್ನೆಯೇ ಬದಲಾಗುತ್ತದೆ: ಯೋಗದಲ್ಲಿ ಗುಣವುಂಟೇ ಎಂಬುದಲ್ಲ, ವ್ಯಾಯಾಮಕ್ಕಿಂತ ಮೇಲೇ ಎಂಬುದು.

ನಮ್ಮ ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆ ಹಗುರ ಸ್ಪರ್ಶದ ಸೋಗು ಹೂಡಿದರೆ ಏನಾದೀತು? ಮೂಳೆ ಲಟಕ್ಕೆನ್ನುವಂತೆ ನೀವಿಸಿಕೊಂಡು ಬೆಳೆದ ಬೆನ್ನು ಗರಿ ಸವರಿದಂಥ ಮುಟ್ಟುವಿಕೆಯನ್ನು ಚಿಕಿತ್ಸೆಯೆಂದು ಒಪ್ಪೀತೆ? ಇಲ್ಲಿ ಸೋಗು ಹೂಡುವವರು ಮೊದಲು ಅಜ್ಜಿಯ ಕೈಯನ್ನು ಅರಿತಿರಬೇಕು. ಇಬ್ಬಗೆಯಲ್ಲಿ ಯಾವುದಾದರೂ ಸಿಗಬಹುದೆಂದು ರೋಗಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಕೊನೆಗೆ, ನಿಮಗೆ ಸಿಕ್ಕದ್ದು ಯಾವುದೆಂದು ತೋರುತ್ತದೆ ಎಂದೂ ಕೇಳಬೇಕು. ಬಹುಮಂದಿ ಸರಿಯಾಗಿ ಊಹಿಸಿದರೆ ಸೋಗು ಬಯಲಾಯಿತೋ ಎಂಬ ಶಂಕೆ ಹುಟ್ಟುತ್ತದೆ. ಅಂಥ ಪರೀಕ್ಷೆಯ ಅಂಕಿಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ.